ಎಲುಬಿಲ್ಲದ ಊಟ

ಸಿರಿಲ್ ಬೀವರ್ಸ್ ಅವರ ಬಗ್ಗೆ ನಮ್ಮ ಗಣಿಯೂರು ಹೇಗ್‌ರಾಯ್ಡ್‌ನಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವ ಮಾತು ಒಂದೇ. ಅವರ ಅಂಗಡಿಯ ಕೈಮಾದಲ್ಲಿ ಎಲುಬಿನ ಚೂರು ಸಿಗುತ್ತಿರಲಿಲ್ಲ. ನಲವತ್ತೊಂದು ವರ್ಷ ಸಿಗಲಿಲ್ಲ. ಅದರಲ್ಲಿ ಇಪ್ಪತ್ತೆರಡು ವರ್ಷ ಅದೇ ಕೌಂಟರಿನ ಹಿಂದೆ ನಿಂತು ಮಾಂಸ ತೂಗಿ, ಕಾಗದದಲ್ಲಿ ಸುತ್ತಿ ಕೊಟ್ಟವಳು ನಾನು, ಹಿಲ್ಡಾ. ಹಾಗಾಗಿ ಇದು ಅವರಿವರು ಹೇಳಿದ್ದಲ್ಲ, ನಾನೇ ಕಂಡದ್ದು.

ಅದಕ್ಕೊಂದು ಕಾರಣವಿತ್ತು. ಅವರು ಹದಿನೇಳರ ಹುಡುಗನಾಗಿ ಅಪ್ಪನ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ ಒಂದು ಶನಿವಾರ, ಅಂಗಡಿ ತುಂಬ ಜನರಿರುವಾಗ, ಗಣಿ ಕೆಲಸಗಾರನೊಬ್ಬನ ಹೆಂಡತಿ ಬಂದು ಕೌಂಟರಿನ ಮೇಲೆ ಎರಡು ವಸ್ತು ಇಟ್ಟಳಂತೆ. ಒಂದು ಎಲುಬಿನ ಚೂರು, ಇನ್ನೊಂದು ಅವಳ ಅತ್ತೆಯ ಮುರಿದ ಹಲ್ಲು. ಅಪ್ಪ ಎಲ್ಲರೆದುರೇ ಮಗನ ಕೆನ್ನೆಗೆ ಬಾರಿಸಿದರು. ಅಂದಿನಿಂದ ಬೀವರ್ಸ್ ಕೊಚ್ಚಿದ ಮಾಂಸವನ್ನೆಲ್ಲ ಬೆರಳಿನಿಂದ ತಡವಿ ನೋಡದೆ ಹೊರಗೆ ಬಿಟ್ಟವರಲ್ಲ. ಯಾರ ಜೊತೆಗಾದರೂ ಮಾತಾಡುತ್ತಿರಲಿ, ಕಿಟಕಿಯಾಚೆ ನೋಡುತ್ತಿರಲಿ, ಬೆರಳು ತನ್ನ ಪಾಡಿಗೆ ಕೈಮಾದೊಳಗೆ ಓಡಾಡಿ ಅಕ್ಕಿಕಾಳಿನಷ್ಟು ಚೂರನ್ನೂ ಹೆಕ್ಕಿ ಪಕ್ಕಕ್ಕಿಡುತ್ತಿತ್ತು. ಅಂಗಡಿಯಲ್ಲಿ ಒಂದು ಹಲಗೆಯೂ ತೂಗುತ್ತಿತ್ತು: "ಬೀವರ್ಸ್ ಮಾಂಸ. ಎಲುಬಿನ ಚೂರಿಲ್ಲ." ಅಂಗಡಿ ಮಾರಿದಾಗ ಚಾಕು, ತಕ್ಕಡಿ, ಕೈಯಲ್ಲಿ ತಿರುಗಿಸುವ ಹಳೆಯ ಕೈಮಾ ಯಂತ್ರ, ಮತ್ತೆ ಆ ಹಲಗೆ, ಇಷ್ಟನ್ನು ಮಾತ್ರ ಮನೆಗೆ ತಂದರು. ಹಲಗೆಯನ್ನು ಅಡುಗೆಮನೆಯ ಗೋಡೆಗೆ ಹೊಡೆದರು.

ಮನುಷ್ಯ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ ಶನಿವಾರ ಬಿಡುವಿರಲಿಲ್ಲ ಅನ್ನುತ್ತಿದ್ದರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಕೈ ಸುಮ್ಮನಿರದಾಯಿತು. ಎದುರು ಮನೆಯ ನಾನು ಸಂಜೆ ಚಹಾಕ್ಕೆ ಹೋದರೆ ಬ್ರೆಡ್ಡಿನ ಚೂರುಗಳನ್ನೂ ಅಳತೆ ಹಿಡಿದು ಕತ್ತರಿಸುತ್ತ ಕೂತಿರುತ್ತಿದ್ದರು. ನೋಡಲಾಗದೆ ನಾನೇ ಬೆರಿಲ್‌ಗೆ ಹೇಳಿ ಕಳಿಸಿದೆ.

ಬೆರಿಲ್ ಸಟ್‌ಕ್ಲಿಫ್ ಊರ ಹೊರಗಿನ ಹಳೆಯ ರೈಲ್ವೆ ಮನೆಯಲ್ಲಿ ಗತಿಯಿಲ್ಲದ ಫೆರೆಟ್‌ಗಳನ್ನು ಸಾಕುವವಳು. ನಮ್ಮಲ್ಲಿ ಫೆರೆಟ್ ಇಲ್ಲದ ಬೀದಿಯಿಲ್ಲ. ಮುಂಗುಸಿಯಂತೆ ಉದ್ದ ಮೈಯ ಆ ಪ್ರಾಣಿಯನ್ನು ಮೊಲದ ಬಿಲಕ್ಕೆ ಬಿಟ್ಟು ಬೇಟೆಯಾಡುವುದು ಗಂಡಸರ ಭಾನುವಾರದ ಕೆಲಸ. ಬೇಟೆಗೆ ಬೇಡವಾದದ್ದನ್ನು, ದಾರಿಯಲ್ಲಿ ಸಿಕ್ಕಿದ್ದನ್ನು ಜನ ಬೆರಿಲ್ ಬಾಗಿಲಲ್ಲಿ ಬಿಟ್ಟು ಹೋಗುತ್ತಾರೆ. ಅವಳು ಯಾರಿಗಾದರೂ ಮರಿ ಕೊಟ್ಟರೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾಳೆ. ಸಾಕುವುದು ಸರಿಯಿಲ್ಲ ಅಂತ ಕಂಡರೆ ವಾಪಸು ಒಯ್ಯುವೆ, ಜಗಳವಾಡಬಾರದು ಅಂತ. ಬೀವರ್ಸ್ ಸಹಿ ಹಾಕಿ ಎರಡು ಮರಿ ತೆಗೆದುಕೊಂಡರು. ಹೆಣ್ಣಿಗೆ ಡಚೆಸ್, ಗಂಡಿಗೆ ಸಾರ್ಜೆಂಟ್ ಎಂದು ಹೆಸರಾಯಿತು. ಜುಲೈ ತಿಂಗಳು, ಮರಿಗಳಿಗೆ ಎರಡು ತಿಂಗಳಿರಬೇಕು.

ಡಬ್ಬಿಯಲ್ಲಿ ಬರುವ ಒಣ ಆಹಾರ ತಿನ್ನಿಸುವುದಿಲ್ಲ, ಹಸಿ ಮಾಂಸವೇ ಎಂದು ಮೊದಲ ದಿನವೇ ತೀರ್ಮಾನಿಸಿದರು. ಮಾಂಸದಂಗಡಿಯವನು ಇನ್ನೇನು ಮಾಡಿಯಾನು. ಹಳೆಯ ಗೆಳೆಯ ಲೆನ್ ಮಾತ್ರ ಮೂಗು ಮುರಿದ.

"ನಮ್ಮಪ್ಪ ಬ್ರೆಡ್ಡು ಹಾಲಲ್ಲಿ ನೆನೆಸಿ ಹಾಕ್ತಿದ್ದ ಕಣಯ್ಯ. ಯಾವ ಡಾಕ್ಟ್ರಿಗೂ ತೋರ್ಸಿದ್ದಿಲ್ಲ."

"ನಿಮ್ಮಪ್ಪನ ಫೆರೆಟ್ ಎಷ್ಟು ವರ್ಷ ಬದುಕ್ತಿದ್ವು?" ಎಂದೆ ನಾನು.

"ಮೂರೋ ಏನೋ."

"ಹಂಗಾದ್ರೆ ಡಾಕ್ಟ್ರಿಗೆ ತೋರ್ಸೋಕೆ ಟೈಮೇ ಸಿಕ್ಕಿರಲ್ಲ ಬಿಡು."

ಆ ಮರಿಗಳಿಗೆ ಬೀವರ್ಸ್ ಹಾಕಿದ ಮಾಂಸ ನೋಡಿದರೆ ನಿಮಗೂ ಹೊಟ್ಟೆಕಿಚ್ಚಾಗಬೇಕು. ಮೃದುವಾದ ತೊಡೆಯ ಮಾಂಸ, ಕೋಳಿಯ ಎದೆ, ಕುರಿಮರಿಯ ಭುಜ. ಕೊಬ್ಬು ಕೆರೆದು, ನರ ಎಳೆದು, ಎಲುಬು ಬಿಡಿಸಿ, ಕೊಚ್ಚಿ, ಆಮೇಲೆ ಬೆರಳಾಡಿಸಿ ನೋಡಿ, ಪಿಂಗಾಣಿ ತಟ್ಟೆಯಲ್ಲಿ ಇಡುತ್ತಿದ್ದರು.

"ಇಪ್ಪತ್ತೆರಡು ವರ್ಷ ದುಡಿದೆ, ನನಗೊಂದು ದಿನ ಇಂಥ ತುಂಡು ಕೊಟ್ರಾ ನೀವು?" ಎಂದೆ.

"ನೀನು ಇಷ್ಟು ಚಂದ ಕುಣೀತಿದ್ರೆ ಕೊಡ್ತಿದ್ದೆ ಕಣೇ," ಎಂದರು.

ನಿಜಕ್ಕೂ ಕುಣಿಯುತ್ತಿದ್ದವು. ಅಡ್ಡಡ್ಡ ಹಾರಿ, ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆದು, ಮತ್ತೆ ಹಾರಿ. ಡಚೆಸ್ ಅವರ ಚಪ್ಪಲಿ ಕದ್ದು ಕಲ್ಲಿದ್ದಲ ಪೆಟ್ಟಿಗೆಯ ಹಿಂದೆ ಅಡಗಿಸಿಡುತ್ತಿದ್ದಳು. ಆ ಮನುಷ್ಯ ಒಂಟಿ ಕಾಲಿನಲ್ಲಿ ಚಪ್ಪಲಿ ಹುಡುಕುತ್ತ ನಗುವುದನ್ನು ನೋಡಿದ ದಿನ, ಅಷ್ಟು ವರ್ಷಗಳಲ್ಲಿ ಅವರ ನಗು ನಾನು ಸರಿಯಾಗಿ ಕಂಡೇ ಇರಲಿಲ್ಲ ಎಂದು ತಿಳಿಯಿತು.

ಅಕ್ಟೋಬರಿನ ಕೊನೆಯಲ್ಲಿ ಡಚೆಸ್ ಹಾರುವುದು ನಿಂತಿತು. ಮೊದಲು ಸೋಮಾರಿತನ ಅಂದುಕೊಂಡೆವು. ನಾಲ್ಕು ದಿನ ಕಳೆದ ಮೇಲೆ ಹಿಂಗಾಲು ಎಳೆದುಕೊಂಡು ನೆಲದ ಮೇಲೆ ತೆವಳುತ್ತ ತಟ್ಟೆಯತ್ತ ಬಂದಳು. ಬೀವರ್ಸ್ ಚಹಾದ ಲೋಟ ಕೆಳಗಿಟ್ಟು, ಕೋಟಿನೊಳಗೆ ಅವಳನ್ನು ಇಟ್ಟುಕೊಂಡು, ಟೋಪಿಯೂ ಹಾಕದೆ ಬಸ್ಸಿಗೆ ಓಡಿದರು. ನಾನು ಹಿಂದೆ ಓಡಿದೆ.

ಪಶುವೈದ್ಯೆ ಚಿಕ್ಕ ವಯಸ್ಸಿನವಳು, ಮಿಸ್ ಹುಸೇನ್. ಎಕ್ಸ್‌ರೇ ತೆಗೆದು ದೀಪದ ಹಲಗೆಗೆ ಸಿಕ್ಕಿಸಿದಳು. ಬೆಳ್ಳಗೆ ಕಾಣಬೇಕಾದ ಎಲುಬುಗಳು ರಬ್ಬರಿನಿಂದ ಅರ್ಧ ಅಳಿಸಿದ ಹಾಗಿದ್ದವು. ಹಿಂಗಾಲಿನ ಒಂದು ಎಲುಬು ಬಾಗಿತ್ತು.

"ಏನ್ ತಿನ್ನಿಸ್ತೀರಿ ಮಿಸ್ಟರ್ ಬೀವರ್ಸ್?"

ಅವರು ಎದೆಯುಬ್ಬಿಸಿ ಹೇಳಿದರು. ತೊಡೆ, ಎದೆ, ಭುಜ. ಊರಲ್ಲಿ ಮನುಷ್ಯರಿಗೂ ಅಂಥದ್ದು ಸಿಗುವುದಿಲ್ಲ ಎಂದರು.

"ಮಾಂಸ ಚೆನ್ನಾಗೇ ಇದೆ. ಎಲುಬೆಲ್ಲಿ?"

"ತೆಗೆದ್ಬಿಟ್ಟೆ."

"ಲಿವರ್? ಕಿಡ್ನಿ? ಗುಂಡಿಗೆ?"

"ಅದನ್ನೂ ತೆಗೆದೆ. ಕ್ಲೀನಾಗಿರಲಿ ಅಂತ."

ಆ ಹುಡುಗಿ ಬೈಯಲಿಲ್ಲ, ಅದು ಅವಳ ದೊಡ್ಡತನ. ಬೆಳೆಯುವ ಮರಿಗೆ ಸುಣ್ಣದಂಶ ಬೇಕು, ಅದು ಎಲುಬಿನಲ್ಲಿದೆ, ಬರೀ ಮಾಂಸದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದಳು. ಹೊರಗಿನಿಂದ ಬರದಿದ್ದಾಗ ಮೈ ತನ್ನ ಎಲುಬನ್ನೇ ಕರಗಿಸಿಕೊಂಡು ಬದುಕುತ್ತದಂತೆ. ಸೂಜಿಮದ್ದು ಕೊಟ್ಟಳು, ಓಡಾಡದಂತೆ ಚಿಕ್ಕ ಪಂಜರದಲ್ಲಿಡಲು ಹೇಳಿದಳು. ಆರು ವಾರ ಸರಿಯಾದ ಊಟ ಹಾಕಿ, ಇನ್ನೊಂದು ಚಿತ್ರ ತೆಗೆಯೋಣ. ಎಲುಬು ತುಂಬಿಕೊಳ್ಳದಿದ್ದರೆ ನೋವಿನಲ್ಲಿ ಬದುಕಿಸುವುದಕ್ಕಿಂತ ಸೂಜಿ ಚುಚ್ಚಿ ಚಿರನಿದ್ದೆಗೆ ಕಳಿಸುವುದೇ ಮೇಲು ಎಂದಳು.

ಸುದ್ದಿ ಬೆರಿಲ್‌ಗೆ ಮುಟ್ಟಲು ಒಂದು ದಿನ ಸಾಕಾಯಿತು. ಪಂಜರ ಹಿಡಿದೇ ಬಂದಳು, ಕೈಯಲ್ಲಿ ಆ ಕಾಗದ.

"ನಲ್ವತ್ತು ವರ್ಷ ಮಾಂಸ ಕಡಿದೋರು ನೀವು. ಪ್ರಾಣಿ ಒಳಗೆ ಏನೇನಿರತ್ತೆ ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ?"

"ಹೇಳ್ಕೊಡಬೇಕಾಗಿತ್ತು," ಎಂದರು ಬೀವರ್ಸ್. "ತಪ್ಪು ನಂದೇ. ಆರು ವಾರ ಕೊಡು."

"ಆಮೇಲೆ?"

"ಆಮೇಲೆ ಇವಳು ಎಲುಬು ಕಡಿದು ತಿನ್ನದಿದ್ರೆ ಎರಡನ್ನೂ ತಗೊಂಡ್ಹೋಗು. ನಾನು ಬಾಗಿಲು ತೆಗೆದು ಕೊಡ್ತೀನಿ."

ಬೆರಿಲ್ ನನ್ನ ಮುಖ ನೋಡಿದಳು. ಈ ಮನುಷ್ಯ ಹಠ ಹಿಡಿದರೆ ಕೈಗೆತ್ತಿಕೊಂಡ ಕೆಲಸ ಬಿಡುವವರಲ್ಲ, ಅಷ್ಟಂತೂ ಖಾತ್ರಿ ಎಂದೆ ನಾನು. ಅವಳು ಖಾಲಿ ಪಂಜರ ಹಿಡಿದು ಹೋದಳು.

ಮರುದಿನ ಲೆನ್ ಬಲೆಗೆ ಬಿದ್ದ ಒಂದು ಕಾಡುಮೊಲ ತಂದುಕೊಟ್ಟ. ಬೀವರ್ಸ್ ಅದನ್ನು ಮಾರಾಟಕ್ಕೆ ಕಡಿದ ಹಾಗೆ ಕಡಿಯಲಿಲ್ಲ. ಮೇಜಿನ ಮೇಲೆ ಮಾಂಸ ಸುತ್ತುವ ಬಿಳಿ ಕಾಗದ ಹರಡಿ, ಮೊಲವನ್ನು ಬಿಡಿಸಿ, ಮಾಂಸ ಒಂದು ಕಡೆ, ಎಲುಬು ಒಂದು ಕಡೆ, ಲಿವರ್, ಗುಂಡಿಗೆ, ಕಿಡ್ನಿ, ಚರ್ಮ ಎಲ್ಲವನ್ನೂ ಬೇರೆಬೇರೆ ಇಟ್ಟು, ಒಂದೊಂದನ್ನೂ ಹಳೆಯ ತಕ್ಕಡಿಯಲ್ಲಿ ತೂಗಿದರು. ಪಕ್ಕದಲ್ಲೇ ಪೆನ್ಸಿಲಿನಿಂದ ಬರೆದರು.

"ಏನ್ ಮಾಡ್ತಿದ್ದೀರಿ?" ಎಂದೆ.

"ಫೆರೆಟ್‌ಗೆ ಏನು ಬೇಕು ಅಂತ ನನಗೆ ಗೊತ್ತಿಲ್ಲ ಹಿಲ್ಡಾ. ಅದು ಇಡಿಯಾಗಿ ತಿನ್ನೋ ಮೊಲಕ್ಕೆ ಗೊತ್ತಿರತ್ತೆ."

ತೂಗಿ ಮುಗಿಸಿ, ನಾಲ್ಕು ತಿಂಗಳು ತಾವು ಹಾಕಿದ್ದನ್ನು ಆ ಕಾಗದದಲ್ಲೇ ಗೆರೆ ಎಳೆದು ತೋರಿಸಿದರು. ಆರು ರಾಶಿಯಲ್ಲಿ ಒಂದೇ ರಾಶಿ. ಉಳಿದ ಐದರಲ್ಲಿ ಗಿರಾಕಿಗೆ ಬೇಡವಾದದ್ದೆಲ್ಲ ಅಂಗಡಿಯಲ್ಲಿ ನಲವತ್ತೊಂದು ವರ್ಷ ಹಿತ್ತಲ ತೊಟ್ಟಿಗೆ ಹೋಗುತ್ತಿತ್ತು, ನಾನೇ ಎಷ್ಟು ಸಲ ಎಸೆದಿದ್ದೇನೆ. ನನಗೆ ಅವರನ್ನು ಕಂಡು ಅಯ್ಯೋ ಅನ್ನಿಸಿತು, ಆದರೆ ಹೇಳಲಿಲ್ಲ. ಕರುಣೆ ತೋರಿಸಿದರೆ ಅವರಿಗೆ ಸಿಟ್ಟು ಬರುತ್ತದೆ.

ಕಾಗದ ಹಿಡಿದು ಮತ್ತೆ ಬಸ್ಸು ಹತ್ತಿ ಮಿಸ್ ಹುಸೇನ್ ಬಳಿಗೆ ಹೋದೆವು. ಇಬ್ಬರೂ ತಲೆಗೆ ತಲೆ ಕೊಟ್ಟು ಕೂತು ವಾರದ ಊಟ ಗೊತ್ತು ಮಾಡಿದರು. ಹತ್ತು ಪಾಲಿನಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಎಲುಬು. ಇಪ್ಪತ್ತರಲ್ಲಿ ಒಂದು ಪಾಲು ಲಿವರ್, ಅಷ್ಟೇ ಕಿಡ್ನಿ ಮತ್ತಿತರೆ. ಲಿವರ್ ಒಳ್ಳೆಯದಾದರೆ ದಿನಾ ಹಾಕಿಬಿಡಲೇ ಎಂದು ಬೀವರ್ಸ್ ಕೇಳಿದ್ದಕ್ಕೆ ಅವಳು, "ಒಂದು ಅತಿಯಿಂದ ಇನ್ನೊಂದು ಅತಿಗೆ ಹೋಗ್ಬೇಡಿ. ಲಿವರ್ ಜಾಸ್ತಿಯಾದ್ರೂ ಎಲುಬು ಕೆಡತ್ತೆ," ಎಂದಳು. ಗುಂಡಿಗೆ ಮಾತ್ರ ಧಾರಾಳವಾಗಿರಲಿ. ಒಂದೇ ಪ್ರಾಣಿಯದು ಬೇಡ: ಕೋಳಿ, ಮೊಲ, ಕುರಿ, ಕೌಜುಗ ಹೀಗೆ ತಿರುಗುತ್ತಿರಲಿ. ಬೇಯಿಸಿದ ಎಲುಬು ಕೂಡದು, ಅದು ಸೀಳಿ ಚುಚ್ಚುತ್ತದೆ. ಸೋಮವಾರ ಕೋಳಿಕತ್ತು, ಮಂಗಳವಾರ ಮೊಲ ಎಂದು ಬೀವರ್ಸ್ ಅಂಗಡಿಯ ಆರ್ಡರ್ ಬರೆದ ಹಾಗೇ ದೊಡ್ಡಕ್ಷರದಲ್ಲಿ ಬರೆದುಕೊಂಡರು. ಮನೆಗೆ ಬಂದು ಆ ಕಾಗದವನ್ನು ಹಲಗೆಯ ಕೆಳಗೇ ಅಂಟಿಸಿದರು.

ಆದರೆ ತಿನ್ನಬೇಕಾದವರು ತಿನ್ನಬೇಕಲ್ಲ. ಫೆರೆಟ್ ಮರಿಯಾಗಿದ್ದಾಗ ಏನು ತಿಂದಿತೋ ಅದನ್ನೇ ಊಟ ಅಂದುಕೊಳ್ಳುತ್ತದೆ. ಬೀವರ್ಸ್ ಕಲಿಸಿದ ಊಟದಲ್ಲಿ ಎಲುಬಿರಲಿಲ್ಲ. ಕೋಳಿಯ ರೆಕ್ಕೆ ಇಟ್ಟರೆ ಸಾರ್ಜೆಂಟ್ ಅದನ್ನು ಮೂಗಿನಿಂದ ನೂಕಿ ಆಟವಾಡಿದ. ಡಚೆಸ್ ಮುಖ ತಿರುಗಿಸಿಕೊಂಡಳು. ಹಸಿದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವಲೂ ಆಗದು, ಅವಕ್ಕೆ ಮೂರುನಾಲ್ಕು ಗಂಟೆಗೊಮ್ಮೆ ಹೊಟ್ಟೆಗೆ ಬೀಳದಿದ್ದರೆ ತಲೆ ತಿರುಗಿ ಬೀಳುತ್ತವೆ.

ಉಳಿದದ್ದು ಒಂದೇ ದಾರಿ. ಎಲುಬನ್ನು ಕೈಮಾದಲ್ಲೇ ಕೊಚ್ಚಿ ಬೆರೆಸುವುದು.

ಬೀವರ್ಸ್ ಆ ಹಳೆಯ ಯಂತ್ರವನ್ನು ಮೇಜಿಗೆ ಬಿಗಿದು, ಎಲ್ಲಕ್ಕಿಂತ ಸಣ್ಣ ತೂತಿನ ಬಿಲ್ಲೆ ಹಾಕಿ, ಒಂದು ಕೋಳಿಕತ್ತು ಒಳಗಿಟ್ಟರು. ಹಿಡಿಕೆ ತಿರುಗಿಸಲಿಲ್ಲ. ಗೋಡೆಯ ಹಲಗೆ ನೋಡಿದರು, ನನ್ನನ್ನು ನೋಡಿದರು. "ಅಪ್ಪ ಇದ್ದಿದ್ರೆ ಇನ್ನೊಂದು ಕೆನ್ನೆಗೂ ಬಾರಿಸ್ತಿದ್ದ," ಎಂದರು. ಆಮೇಲೆ ತಿರುಗಿಸಿದರು. ಎಲುಬು ಪುಡಿಯಾಗುವ ಆ ಸದ್ದಿಗೆ ನನಗೇ ಮೈ ಜುಮ್ಮೆಂದಿತು, ಅವರಿಗೆ ಹೇಗಾಗಿರಬೇಕು. ಕೊಚ್ಚಿದ್ದನ್ನು ಬೆಚ್ಚಗಿನ ನೀರಲ್ಲಿ ಕಲಸಿ, ಬೆರಳಿಗೆ ಹಚ್ಚಿ ಡಚೆಸ್ ತುಟಿಗೆ ಸವರಿದರು. ಅವಳು ಸೀನಿದಳು. ಮತ್ತೆ ಸವರಿದರು. ಹದಿನೇಳನೆಯ ಸಲಕ್ಕೆ ನೆಕ್ಕಿದಳು. ನಾನು ಎಣಿಸುತ್ತಿದ್ದೆ.

ಎರಡು ವಾರ ಹೀಗೇ ನಡೆಯಿತು. ಎರಡು ಮರಿಗಳೂ ತಟ್ಟೆ ನೆಕ್ಕುವಂತಾದವು. ತುಸು ಮಂಕಾಗಿದ್ದ ಸಾರ್ಜೆಂಟ್ ಆಗಲೇ ಮೊದಲಿನಂತೆ ಹಾರುತ್ತಿದ್ದ. ಡಚೆಸ್ ಮಾತ್ರ ಇದ್ದಲ್ಲೇ ಇದ್ದಳು. ಮಿಸ್ ಹುಸೇನ್ ಕೈಯಿಂದ ಕಾಲು ಒತ್ತಿ ನೋಡಿ, ಇಷ್ಟು ಹೊತ್ತಿಗೆ ಸ್ವಲ್ಪವಾದರೂ ಗಟ್ಟಿಯಾಗಬೇಕಿತ್ತು ಎಂದಳು. ಬಸ್ಸಿನಲ್ಲಿ ಬರುವಾಗ ಬೀವರ್ಸ್ ಮಡಿಲಲ್ಲಿದ್ದ ಪೆಟ್ಟಿಗೆಯ ತೂತಿನೊಳಗೆ ಬೆರಳಿಟ್ಟುಕೊಂಡು ಕೂತಿದ್ದರು.

ಅದರ ಮರುದಿನ ಮಧ್ಯಾಹ್ನ ನಾನು ಹೋದಾಗ ಅವರು ಡಚೆಸ್‌ಳ ಊಟ ಕಲಸುತ್ತಿದ್ದರು. ಆ ಹೊತ್ತಿಗೆ ಸಣ್ಣ ಬಿಲ್ಲೆ ತೆಗೆದು ದೊಡ್ಡ ತೂತಿನದು ಹಾಕಿಯಾಗಿತ್ತು, ಎಲುಬಿನ ತರಿ ಹಲ್ಲಿಗೆ ಅಭ್ಯಾಸವಾಗಲಿ ಎಂದು. ನಾನು ಊರ ಸುದ್ದಿ ಹೇಳುತ್ತಿದ್ದೆ. ಹೊಸ ಅಂಗಡಿಯವನ ಸಾಸೇಜಿನಲ್ಲಿ ಬ್ರೆಡ್ಡೇ ಜಾಸ್ತಿ ಅಂತ. ಅವರು ಕಿಟಕಿಯಾಚೆ ನೋಡುತ್ತ ಹೂಂ ಹೂಂ ಅನ್ನುತ್ತಿದ್ದರು. ನನ್ನ ಕಣ್ಣು ಬಟ್ಟಲಿನ ಅಂಚಿಗೆ ಬಿತ್ತು.

ಅಂಚಿನಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರುಗಳ ಪುಟ್ಟ ಗುಡ್ಡೆ.

"ಬೀವರ್ಸ್," ಎಂದೆ. "ಇದೇನು?"

"ಯಾವ್ದು?"

"ಕೈ ಅಲ್ಲೇ ನಿಲ್ಲಿಸಿ. ನಿಮ್ಮ ಬೆರಳು ನೋಡ್ಕೊಳ್ಳಿ."

ಹೆಬ್ಬೆರಳು ತೋರುಬೆರಳ ನಡುವೆ ಇನ್ನೊಂದು ಚೂರಿತ್ತು. ಅವರು ಅದನ್ನು ಯಾರೋ ಬೇರೆಯವರ ಕೈ ಎಂಬಂತೆ ನೋಡಿದರು. ದಿನಾ ಎಲುಬು ಕೊಚ್ಚಿ ಬೆರೆಸಿದ್ದು ನಿಜ. ದಿನಾ ಕಲಸುವಾಗ ಆ ಬೆರಳುಗಳೇ ತಮ್ಮಷ್ಟಕ್ಕೆ ಅದನ್ನು ಹೆಕ್ಕಿ ತೆಗೆದದ್ದೂ ನಿಜ. ಸಾರ್ಜೆಂಟ್ ಪಾಲನ್ನು ಯಂತ್ರದಿಂದ ನೇರ ಅವನ ತಟ್ಟೆಗೆ ಬೀಳಿಸಿ ಇಟ್ಟುಬಿಡುತ್ತಿದ್ದರು, ಅವನಿಗೆ ಅದು ದಕ್ಕಿತು. ಡಚೆಸ್ ಕಾಯಿಲೆಯವಳು, ಅವಳದನ್ನು ಪ್ರೀತಿಯಿಂದ ಕೈಯಾರೆ ಕಲಸಿದರು. ಪ್ರೀತಿ ಮಾಡಿದವಳನ್ನೇ ಕೊಲ್ಲುತ್ತಿದ್ದರು.

ಅವರು ಕುರ್ಚಿಗೆ ಕುಸಿದು, ಎರಡೂ ಕೈ ಮೇಜಿನ ಮೇಲಿಟ್ಟು, "ಈ ಕೈ ಕಡಿದು ಹಾಕ್ಬೇಕು ಹಿಲ್ಡಾ," ಎಂದರು. ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಇಬ್ಬರೂ ಅಳುತ್ತ ಕೂತರೆ ಡಚೆಸ್ ಹೊಟ್ಟೆಗೆ ಏನು ಬೀಳುತ್ತದೆ?

"ಕಡಿಯೋದು ಆಮೇಲೆ," ಎಂದು ಒಲೆಯ ಪಕ್ಕ ತೂಗುತ್ತಿದ್ದ ದಪ್ಪ ಬಟ್ಟೆಯ ಕೈಗವಸು ತಂದು ಅವರ ಎರಡೂ ಕೈಗೆ ತೊಡಿಸಿದೆ. "ಇನ್ಮೇಲೆ ಇದ್ರಲ್ಲೇ ಕಲಸಿ. ಬೆರಳಿಗೆ ಏನೂ ಗೊತ್ತಾಗಬಾರದು."

"ಇದ್ರಲ್ಲಿ ಚಮಚಾನೂ ಹಿಡಿಯಕ್ಕಾಗಲ್ಲ."

"ಚಮಚ ನಾನು ಹಿಡೀತೀನಿ. ನೀವು ಹಿಡಿಕೆ ತಿರುಗಿಸಿ."

ಗುಡ್ಡೆಯಲ್ಲಿದ್ದ ಚೂರುಗಳನ್ನು ವಾಪಸು ಬಟ್ಟಲಿಗೆ ಸುರಿದೆ. ಅಂದಿನಿಂದ ದಿನಕ್ಕೆ ಐದು ಸಲ ನಾನು ರಸ್ತೆ ದಾಟಿದೆ. ನನ್ನ ಮೊಣಕಾಲಿಗೆ ಅದು ಹಿಡಿಸಲಿಲ್ಲ, ಹೇಳಿಯೂ ಹೇಳಿದೆ. ಅವರು ಕೈಗವಸು ತೊಟ್ಟು ಯಂತ್ರ ತಿರುಗಿಸುವುದನ್ನು ಕಂಡು ಲೆನ್ ಕ್ಲಬ್ಬಿನಲ್ಲೆಲ್ಲ ನಗೆಯಾಡಿದ. ಅವರು ಕ್ಲಬ್ಬಿಗೆ ಹೋಗುವುದನ್ನೇ ನಿಲ್ಲಿಸಿದರು, ಸಿಟ್ಟಿನಿಂದಲ್ಲ, ಪುರುಸೊತ್ತಿಲ್ಲದೆ. ದೊಡ್ಡ ತೂತಿನ ಬಿಲ್ಲೆಯಾದ ಮೇಲೆ ರೆಕ್ಕೆಯನ್ನು ಸುತ್ತಿಗೆಯಿಂದ ಜಜ್ಜಿ ಇಟ್ಟೆವು. ನಾಲ್ಕನೆಯ ವಾರ ಡಚೆಸ್ ಹಿಂಗಾಲ ಮೇಲೆ ಎದ್ದು ನಿಂತು, ನಡುಗಿ, ಕೂತಳು. ಐದನೆಯ ವಾರ ಪಂಜರದ ಸರಳು ಹಿಡಿದು ಚಪ್ಪಲಿ ಬೇಕೆಂದು ಗದ್ದಲ ಮಾಡಿದಳು.

ಆರು ವಾರ ತುಂಬಿದ ಗುರುವಾರ ಮಿಸ್ ಹುಸೇನ್ ಎರಡು ಚಿತ್ರಗಳನ್ನು ಅಕ್ಕಪಕ್ಕ ಸಿಕ್ಕಿಸಿದಳು. ಯಾವುದು ಹೊಸದು ಎಂದು ನನ್ನಂಥವಳಿಗೂ ತಿಳಿಯುವಂತಿತ್ತು. ಎಡಗಾಲು ಸೊಟ್ಟಗೇ ಉಳಿಯುತ್ತದೆ, ಮೊಲದ ಬಿಲಕ್ಕಂತೂ ಇಳಿಯಲಾರಳು, ಆದರೆ ಬದುಕುತ್ತಾಳೆ ಎಂದಳು. ಬೀವರ್ಸ್ ಅವಳ ಕೈ ಹಿಡಿದು ಕುಲುಕಿದರು. ಬಿಡಲು ಮರೆತರು.

ಮನೆಗೆ ಬಂದರೆ ಬೆರಿಲ್ ಬಾಗಿಲಲ್ಲೇ ನಿಂತಿದ್ದಳು, ಪಂಜರದ ಸಮೇತ.

"ಫೋಟೋ ಗೀಟೋ ನನಗೆ ಬೇಡ. ಎಲುಬು ಕಡಿದು ತಿಂತಾಳಾ?"

"ಜಜ್ಜಿ ಕೊಟ್ರೆ ತಿಂತಾಳೆ," ಎಂದರು ಬೀವರ್ಸ್.

"ಎಷ್ಟು ವರ್ಷ ಜಜ್ತೀರಿ? ನಿಮಗೆ ನಾಳೆ ಜ್ವರ ಬಂದ್ರೆ? ಇಡೀದು ಕೊಡಿ. ತಿಂದ್ರೆ ನಿಮ್ದು. ನೀವೇ ಹೇಳಿದ ಮಾತು."

ಹೇಳಿದ್ದು ಹೌದು. ಅವರು ಒಂದು ಇಡೀ ರೆಕ್ಕೆ ತಂದು ನೆಲದ ಮೇಲಿಟ್ಟು ಡಚೆಸ್‌ಳನ್ನು ಬಿಟ್ಟರು. ನಾವು ಮೂವರೂ ಅಡುಗೆಮನೆಯ ಕುರ್ಚಿಗಳಲ್ಲಿ ಕೂತೆವು. ಡಚೆಸ್ ಮೂಸಿ ನೋಡಿದಳು. ಮುಖ ತಿರುಗಿಸಿದಳು. ಬೆರಿಲ್ ಪಂಜರದ ಬಾಗಿಲಿಗೆ ಕೈ ಹಾಕಿದಳು. ನಾನು ಮನಸ್ಸಿನಲ್ಲೇ ಆ ಫೆರೆಟ್‌ಗೆ ಬಾಯಿಗೆ ಬಂದಂತೆ ಬೈದೆ. ದಿನಕ್ಕೆ ಐದು ಸಲ ರಸ್ತೆ ದಾಟಿದ್ದು ಇದಕ್ಕೇನೇ ಅಂತ.

ಆಗ ಅವಳು ಮತ್ತೆ ತಿರುಗಿ ರೆಕ್ಕೆಯ ತುದಿ ಕಚ್ಚಿ, ಸೊಟ್ಟ ಕಾಲೆಳೆಯುತ್ತ, ಹಿಂದಕ್ಕೆ ಹಿಂದಕ್ಕೆ ಜಗ್ಗಿಕೊಂಡು ಕಲ್ಲಿದ್ದಲ ಪೆಟ್ಟಿಗೆಯ ಹಿಂದೆ ಹೋದಳು. ಚಪ್ಪಲಿ ಬಚ್ಚಿಡುತ್ತಿದ್ದ ಜಾಗ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಟಕ್ಕೆಂದು ಸದ್ದು.

ಬೀವರ್ಸ್ ಬೆಚ್ಚಿಬಿದ್ದರು. ಕೈಗಳೆರಡೂ ಮುಂದಕ್ಕೆ ಚಾಚಿಕೊಂಡವು, ಅವಳ ಬಾಯಿಂದ ಆ ಚೂರನ್ನು ತೆಗೆಯಲು. ನಾನು ಕೈಗವಸಿಗೆ ಎದ್ದೆ. ಬೇಕಾಗಲಿಲ್ಲ. ಅವರು ಚಾಚಿದ ಕೈಗಳನ್ನು ತಾವೇ ಹಿಂದಕ್ಕೆಳೆದು ತೊಡೆಯಡಿ ಇಟ್ಟುಕೊಂಡು ಅದರ ಮೇಲೆ ಕೂತರು.

ಬೆರಿಲ್ ಅವರು ಸಹಿ ಹಾಕಿದ್ದ ಕಾಗದವನ್ನು ಚೀಲದಿಂದ ತೆಗೆದು ಮಡಚಿ ಮೇಜಿನ ಮೇಲಿಟ್ಟು, ಪಂಜರ ಎತ್ತಿಕೊಂಡು ಹೋದಳು. ಅವರು ಬಾಗಿಲವರೆಗೂ ಬರಲಿಲ್ಲ. ಪೆಟ್ಟಿಗೆಯ ಹಿಂದೆ ಕಟಕಟ ಸದ್ದು ಮುಗಿಯುವವರೆಗೆ, ಹಲಗೆಯ ಕೆಳಗೆ, ತಮ್ಮ ಕೈಗಳ ಮೇಲೆ ಕೂತೇ ಇದ್ದರು.